ತೊಂಬೆ ನೀರು ಮತ್ತು ಹದಿನೈದನೇ ವಿಧಿ

ಪೇಟೆಯವರಿಗೆ ‘ತೊಂಬೆ’ ಅಂದರೆ ಥಟ್ಟನೆ ಹೊಳೆಯಲಿಕ್ಕಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹಳ್ಳಿಗಳಲ್ಲಿ ಅದು ಬೀದಿಬೀದಿಗೂ ಸಿಗುತ್ತದೆ. ಗಾರೆಯ ಕಟ್ಟೆ, ಅದರ ಮೇಲೊಂದು ತೊಟ್ಟಿ, ಕೆಳಗೆ ಎರಡೋ ನಾಲ್ಕೋ ನಲ್ಲಿ. ಕಟ್ಟಿಸುವುದು ಪಂಚಾಯಿತಿ, ನೀರು ಬಿಡಿಸುವುದೂ ಪಂಚಾಯಿತಿಯೇ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದ ಇಂಥದೊಂದು ತೊಂಬೆ ದೇಶಕ್ಕೆಲ್ಲ ಸುದ್ದಿಯಾಯಿತು. ಮದುವೆಗೆಂದು ಬೇರೆ ಊರಿನಿಂದ ಬಂದಿದ್ದ ದಲಿತ ಮಹಿಳೆಯೊಬ್ಬರು ಅದರ ನಲ್ಲಿಯಲ್ಲಿ ನೀರು ಕುಡಿದರು. ಅವರು ಹೋದ ಮೇಲೆ ತೊಟ್ಟಿಯ ನೀರನ್ನೆಲ್ಲ ಹೊರಕ್ಕೆ ಬಿಟ್ಟು, ಗೋಮೂತ್ರ ಹಾಕಿ ತೊಳೆದರು ಎಂದು ವರದಿಯಾಯಿತು. ವಿಡಿಯೊ ಹರಿದಾಡಿತು, ತಹಶೀಲ್ದಾರರು ಬಂದರು, ಪ್ರಕರಣ ದಾಖಲಾಯಿತು. ಅಧಿಕಾರಿಗಳು ದಲಿತರನ್ನು ಜೊತೆಗೆ ಕರೆದುಕೊಂಡು ಊರಿನ ತೊಂಬೆಗಳ ಬಳಿಗೆ ಹೋಗಿ, ಎಲ್ಲರ ಎದುರಿಗೇ ನೀರು ಕುಡಿಸಿದರು.

ಈಗ ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ತೆಗೆದು ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತದೆ. ಸರ್ಕಾರದ ದುಡ್ಡಿನಲ್ಲಿ ಪೂರ್ತಿಯಾಗಿಯೋ ಅರ್ಧಂಬರ್ಧವೋ ನಡೆಯುವ ಬಾವಿ, ಕೆರೆಗಳಿಂದ ಜಾತಿಯ ಕಾರಣಕ್ಕೆ ಯಾರನ್ನೂ ದೂರ ಇಡುವಂತಿಲ್ಲ. ಕಾನೂನಿನ ಭಾಷೆ ಸಾಮಾನ್ಯವಾಗಿ ಮೋಡದಲ್ಲಿ ತೇಲುತ್ತಿರುತ್ತದೆ. ಇಲ್ಲಿ ಮಾತ್ರ ಹಳ್ಳಿಯ ಬೀದಿಗೇ ಇಳಿದು ಬಂದಿದೆ. ಅದಕ್ಕೆ ಕಾರಣವೂ ಇದೆ. ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಅಂಬೇಡ್ಕರ್ 1927ರ ಮಾರ್ಚ್‌ನಲ್ಲಿ ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಕುಡಿದವರು. ಅವರು ಹೋದ ಮೇಲೆ ಆ ಕೆರೆಯನ್ನೂ ಅಲ್ಲಿನವರು ಸಗಣಿ, ಗೋಮೂತ್ರ ಸುರಿದು ‘ಶುದ್ಧ’ ಮಾಡಿಕೊಂಡಿದ್ದರು. ಮಹಾಡದ ಕೆರೆಗೂ ಹೆಗ್ಗೋಠಾರದ ತೊಂಬೆಗೂ ನಡುವೆ 95 ವರ್ಷ.

ತಹಶೀಲ್ದಾರರು ಅಂದು ಮಾಡಿದ್ದು ಒಂದು ಪಾಠವೇ. ಆದರೆ ಅದು ತರಗತಿಯ ಹೊರಗೆ, ತಪ್ಪು ನಡೆದಾದ ಮೇಲೆ, ಪೊಲೀಸರ ಸಮ್ಮುಖದಲ್ಲಿ ನಡೆದ ಪಾಠ. ಅದನ್ನೇ ಮೊದಲು, ಸಾವಧಾನವಾಗಿ, ಸೀಮೆಸುಣ್ಣ ಹಿಡಿದು ಮಾಡುವುದು ಹೇಗೆ ಎಂಬುದು ಈ ಲೇಖನದ ವಿಷಯ.

ನಾನು ಓದಿದ ಶಾಲೆಯಲ್ಲಿ ಪೌರನೀತಿ ಎಂದರೆ ಸಮಾಜ ಪುಸ್ತಕದ ಬಾಲಂಗೋಚಿ. ಇತಿಹಾಸದಲ್ಲಿ ಯುದ್ಧಗಳಿದ್ದವು, ಭೂಗೋಳದಲ್ಲಿ ಬಣ್ಣ ಹಚ್ಚಲು ನಕ್ಷೆಗಳಿದ್ದವು. ಪೌರನೀತಿಯ ಸರದಿ ಬರುವಷ್ಟರಲ್ಲಿ ಫೆಬ್ರುವರಿ ಮುಗಿದಿರುತ್ತಿತ್ತು. ‘ರಾಷ್ಟ್ರಪತಿಯಾಗಲು ಎಷ್ಟು ವಯಸ್ಸಾಗಿರಬೇಕು?’ ‘ಮೂವತ್ತೈದು ಸಾ.’ ಅಷ್ಟೇ. ನಮ್ಮಲ್ಲಿ ಯಾರಿಗೂ ರಾಷ್ಟ್ರಪತಿಯಾಗುವ ಅಂದಾಜಿರಲಿಲ್ಲ. ಪಡಿತರ ಚೀಟಿಗೆ ಯಾರ ಬಳಿ ಹೋಗಬೇಕೆಂಬುದನ್ನು ಯಾರೂ ಕೇಳಲಿಲ್ಲ.

ಈಗ ಕಾಲ ಬದಲಾಗಿದೆ. ರೂಪಣಾತ್ಮಕ ಮೌಲ್ಯಮಾಪನ ಬಂದಿದೆ, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಇಪ್ಪತ್ತು ಅಂಕ ಶಾಲೆಯ ಕೈಯಲ್ಲೇ ಇದೆ. ಹಾಗಾಗಿ ಪ್ರಾಜೆಕ್ಟ್‌ಗಳೂ ಬಂದಿವೆ. ಥರ್ಮಾಕೋಲಿನ ವಿಧಾನಸೌಧ, ಮಿಂಚುಪುಡಿ ಉದುರಿಸಿದ ಅಶೋಕ ಸ್ತಂಭ, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ರಾಷ್ಟ್ರನಾಯಕರ ಚಿತ್ರಪಟ ಅಂಟಿಸಿದ ಚಾರ್ಟು. ರಾತ್ರಿ ಹನ್ನೊಂದರವರೆಗೆ ಕೂತು ಫೆವಿಕಾಲ್ ಹಚ್ಚುವವರು ಅಪ್ಪ ಅಮ್ಮ, ಅಂಕ ಮಗುವಿಗೆ. ಆ ವಿಧಾನಸೌಧದೊಳಗೆ ಏನು ನಡೆಯುತ್ತದೆಂದು ಕೇಳಿದರೆ ಥರ್ಮಾಕೋಲಿನಷ್ಟೇ ಟೊಳ್ಳು ಉತ್ತರ ಸಿಕ್ಕೀತು. ಪೌರನೀತಿಗೆ ‘ಸೃಜನಶೀಲ’ ಎಂಬ ವಿಶೇಷಣ ಅಂಟಿಸಿದರೆ ಸಾಲದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ರೋಗ ಗುರುತಿಸಿಯೇ ಹಳೆಯ ಪೌರನೀತಿಯನ್ನು ಕೈಬಿಟ್ಟು, ಸಾಮಾಜಿಕ ಮತ್ತು ರಾಜಕೀಯ ಬದುಕಿನ ಕಥೆಗಳಿಂದ ಪಾಠ ಶುರುಮಾಡುವ ದಾರಿ ಹಿಡಿಯಿತು. ಆ ಕಥೆಗಳು ಚೆನ್ನಾಗಿದ್ದವು, ಆದರೆ ಬೇರೆ ಯಾವುದೋ ಊರಿನವು.

ಇನ್ನೊಂದು ಬಗೆಯ ಪಾಠ ಮೆರವಣಿಗೆಯದು. 2024ರ ಸೆಪ್ಟೆಂಬರ್ 15ರಂದು, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನಕ್ಕಾಗಿ, ರಾಜ್ಯ ಸರ್ಕಾರ ಬೀದರ್‌ನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿ ಏರ್ಪಡಿಸಿತು. ಅದರ ದಕ್ಷಿಣದ ತುದಿ ನಮ್ಮ ಜಿಲ್ಲೆ. ಅಂದು ರಸ್ತೆ ಬದಿಯಲ್ಲಿ ಕೈಕೈ ಹಿಡಿದು ನಿಂತವರಲ್ಲಿ ಸಮವಸ್ತ್ರದ ಮಕ್ಕಳು ಬಹಳ. ಚೆಂದದ ದೃಶ್ಯವೇ, ಅಲ್ಲಗಳೆಯುವುದಿಲ್ಲ. ಪೀಠಿಕೆಯನ್ನು ಲಕ್ಷಾಂತರ ಗಂಟಲು ಒಟ್ಟಿಗೆ ಹೇಳುವುದಕ್ಕೆ ತನ್ನದೇ ಶಕ್ತಿಯಿದೆ. ಆದರೆ ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಬರೆದುಕೊಟ್ಟ ಪುಸ್ತಿಕೆಯೊಂದರಲ್ಲಿ ಮಕ್ಕಳ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲಿನ ಏಣಿ ಕಟ್ಟಿದ್ದಾರೆ. ಕೆಳಗಿನಿಂದ ಎರಡನೇ ಮೆಟ್ಟಿಲಿನ ಹೆಸರು ಅಲಂಕಾರ: ದೊಡ್ಡವರ ಸಮಾರಂಭಕ್ಕೆ ಮಕ್ಕಳು ತೋರಣವಾಗುವುದು. ಸರಪಳಿ ಮುಗಿದ ಮಾರನೆಯ ದಿನ ತರಗತಿಯಲ್ಲಿ ಏನು ನಡೆಯಿತು ಎಂಬುದರ ಮೇಲೆ ಆ ಮಗು ಏಣಿಯ ಎಷ್ಟನೇ ಮೆಟ್ಟಿಲಲ್ಲಿದೆ ಎಂದು ಹೇಳಬಹುದು.

ಮಾರನೆಯ ದಿನಕ್ಕೆ ನನ್ನದೊಂದು ಸಲಹೆ. ಪೀಠಿಕೆಯನ್ನು ನಿಮ್ಮ ಊರಿನ ಮಾತಿಗೆ ತನ್ನಿ ಎಂದು ಮಕ್ಕಳಿಗೆ ಹೇಳಿ. ಸಾರ್ವಭೌಮ, ಗಣರಾಜ್ಯ, ಭ್ರಾತೃತ್ವ: ಇವೆಲ್ಲ ಬಾಯಿಪಾಠಕ್ಕೆ ಹೇಳಿ ಮಾಡಿಸಿದ, ಅರ್ಥಕ್ಕೆ ಒಗ್ಗದ ಪದಗಳು. ಚಾಮರಾಜನಗರದ ಮಾತಿನಲ್ಲಿ ಸಾರ್ವಭೌಮ ಅಂದರೇನು? ‘ನಮ್ಮ ಮೇಲ ಇನ್ನೊಬ್ಬ ದೊರ ಇಲ್ಲ ಕನ’ ಎಂದು ಯಾವುದಾದರೂ ಹುಡುಗ ಹೇಳಿದರೆ ಅವನಿಗೆ ಪೂರ್ತಿ ಅಂಕ. ಭ್ರಾತೃತ್ವಕ್ಕೆ ಬರುವಾಗ ಆಟ ರಂಗೇರುತ್ತದೆ. ಅಣ್ಣತಮ್ಮಿಕೆ ಅನ್ನೋಣವೇ? ಹಾಗಾದರೆ ಅಕ್ಕತಂಗಿಯರು ಎಲ್ಲಿ ಹೋದರು ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಲೇಬೇಕು. ಕೇಳದಿದ್ದರೆ ಮೇಷ್ಟರು ಕೇಳಬೇಕು. ಸಂಸ್ಕೃತದ ‘ಭ್ರಾತೃ’ವಿನಲ್ಲಿ ಹೆಣ್ಣಿಗೆ ಜಾಗವಿಲ್ಲ, ಇಂಗ್ಲಿಷಿನ ಮೂಲಪದವೂ ಅಣ್ಣತಮ್ಮಂದಿರಿಂದಲೇ ಹುಟ್ಟಿದ್ದು. ಕನ್ನಡದಲ್ಲಿ ಮಾತ್ರ ‘ಒಡಹುಟ್ಟು’ ಎಂಬ ಪದವಿದೆ. ಅಕ್ಕನೂ ಒಡಹುಟ್ಟಿದವಳು, ತಮ್ಮನೂ ಒಡಹುಟ್ಟಿದವನು. ಸಂವಿಧಾನದ ಕನಸಿಗೆ ಸಂವಿಧಾನದ ಪದಕ್ಕಿಂತ ಹತ್ತಿರವಾದ ಪದ ನಮ್ಮ ಮನೆಯಲ್ಲೇ ಇತ್ತು ಎಂದು ಹದಿಮೂರರ ಮಗುವಿಗೆ ತಿಳಿಯುವ ಆ ಗಳಿಗೆಗೆ ಯಾವ ಚಾರ್ಟೂ ಸಮವಲ್ಲ. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ‘ಸಂವಿಧಾನ ಓದು’ ರಾಜ್ಯದ ಕಾಲೇಜುಗಳನ್ನು ಸುತ್ತಿದ್ದು ನಮಗೆ ಗೊತ್ತು. ಓದಿದ ಮೇಲೆ ತಮ್ಮ ಮಾತಿನಲ್ಲಿ ತಿರುಗಿ ಬರೆಯುವುದು ಅದರ ಮುಂದಿನ ಹೆಜ್ಜೆ.

ಚಿತ್ರ ಬಿಡಿಸುವ ಮಕ್ಕಳಿಗೂ ಕೆಲಸವಿದೆ. ಮೂಲ ಸಂವಿಧಾನ ಅಚ್ಚಿನದಲ್ಲ, ಕೈಬರಹದ್ದು. ಇಂಗ್ಲಿಷ್ ಪ್ರತಿಯನ್ನು ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಭಾಗಗಳ ಮೊದಲಿಗೆ ಚಿತ್ರ ಬರೆದವರು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಒಂದು ರೀತಿಯಲ್ಲಿ ಅದು ಗುರುಶಿಷ್ಯರು ಕೂಡಿ ಮಾಡಿದ ದೇಶದ ಮೊದಲ ಸಂವಿಧಾನ ಪ್ರಾಜೆಕ್ಟು. ಹದಿನಾರನೇ ಭಾಗದಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯ ಜೊತೆ ನಮ್ಮ ಸೀಮೆಯ ಟಿಪ್ಪುವೂ ಇದ್ದಾನೆ. ಆದರೆ ಆಮೇಲೆ ಸೇರಿದ ಭಾಗಗಳಿಗೆ ಚಿತ್ರವಿಲ್ಲ. 1976ರಲ್ಲಿ ಬಂದ ಮೂಲಭೂತ ಕರ್ತವ್ಯಗಳ ಭಾಗ ಬರಿದು. 1992ರ 73ನೇ ತಿದ್ದುಪಡಿಯಿಂದ ಬಂದ ಪಂಚಾಯಿತಿಗಳ ಭಾಗವೂ ಬರಿದು. ಆ ಖಾಲಿ ಜಾಗಕ್ಕೆ ನಿಮ್ಮ ಪಂಚಾಯಿತಿಯ ಚಿತ್ರ ಬರೆಯಿರಿ ಎಂದರೆ ಮಕ್ಕಳು ಏನು ಬರೆದಾರು? ಅಧ್ಯಕ್ಷೆಯನ್ನೋ, ಪಕ್ಕದ ಕುರ್ಚಿಯಲ್ಲಿ ಕೂತ ಅಧ್ಯಕ್ಷೆಯ ಗಂಡನನ್ನೋ? ಮಕ್ಕಳ ಪೆನ್ಸಿಲ್ ಸುಳ್ಳು ಹೇಳುವುದು ಕಡಿಮೆ.

ಇನ್ನು ನಕ್ಷೆಯ ಮಾತು. ನನ್ನ ಮಟ್ಟಿಗೆ ಈ ಜಿಲ್ಲೆ ಇಡೀ ದೇಶದ ಪೌರನೀತಿ ಪುಸ್ತಕಕ್ಕೆ ಕೊಡಬಹುದಾದ ಅತಿ ದೊಡ್ಡ ಅಧ್ಯಾಯ ಇದು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು. ಅಲ್ಲಿನ ಆದಿವಾಸಿಗಳಾದ ಸೋಲಿಗರ ಬೇಸಾಯ, ಬೇಟೆ, ಕಾಡಿಗೆ ಬೆಂಕಿ ಕೊಡುವ ಪದ್ಧತಿ ಒಂದೊಂದಾಗಿ ನಿಂತವು. ಆಮೇಲೆ ಜೇನು, ನೆಲ್ಲಿಕಾಯಿ, ಪಾಸೆ ಸಂಗ್ರಹಿಸಿ ಮಾರುವುದಕ್ಕೂ ತಡೆ ಬಿತ್ತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದಾಗ ಪ್ರಶ್ನೆ ಎದ್ದದ್ದು: ಈ ಕಾಡು ನಮ್ಮದೆಂದು ತೋರಿಸುವುದು ಹೇಗೆ? ಕಾಗದಪತ್ರ ಎಲ್ಲಿದೆ?

ಕಾಗದವಿರಲಿಲ್ಲ, ಕಾಡಿನ ನೆನಪಿತ್ತು. ಸೋಲಿಗರ ಪ್ರತಿ ಕುಲಕ್ಕೂ ಕಾಡಿನೊಳಗೆ ‘ಯೆಲ್ಲೆ’ ಇದೆ. ಆ ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪೂಜೆಯ ಜಾಗಗಳು: ಒಂದು ಮರ, ಒಂದು ಬಂಡೆ, ಹಿರಿಯರನ್ನು ಮಣ್ಣು ಮಾಡಿದ ತಾಣ, ನೀರಿನ ಒರತೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಹೊರಗಿನವರಿಗೂ ಗೊತ್ತಿರುವ ಹೆಸರು; ಉಳಿದವು ಪೋಡಿನ, ಅಂದರೆ ಸೋಲಿಗರ ಊರಿನ, ಹಿರಿಯರಿಗಷ್ಟೇ ಗೊತ್ತು. ಏಟ್ರಿ ಸಂಸ್ಥೆಯ ಸಂಶೋಧಕರೂ ಸೋಲಿಗರೂ ಕೂಡಿ ಇಂಥ ನೂರಾರು ತಾಣಗಳ ಬಳಿಗೆ ನಡೆದು, ಜಿಪಿಎಸ್ ಹಿಡಿದು, ಅವನ್ನೆಲ್ಲ ನಕ್ಷೆಗೆ ಇಳಿಸಿದರು. 2011ರ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಈ ಕಥೆಯಲ್ಲಿ ಶಿಕ್ಷಕರ ಕಿವಿ ನಿಮಿರಬೇಕಾದ ಒಂದು ವಿಷಯ ಅಡಗಿದೆ. ಈ ಕಾಯ್ದೆಯ ನಿಯಮಗಳು ಯಾವುದನ್ನೆಲ್ಲ ಸಾಕ್ಷ್ಯವೆಂದು ಒಪ್ಪುತ್ತವೆ ನೋಡಿ: ಸರ್ಕಾರಿ ದಾಖಲೆ ಮಾತ್ರವಲ್ಲ, ಪವಿತ್ರ ಮರ, ಬಾವಿ, ಸಮಾಧಿ, ಹಾಗೂ ಹಿರಿಯರು ಹೇಳಿದ್ದನ್ನು ಬರಹಕ್ಕಿಳಿಸಿದ ಹೇಳಿಕೆ. ಅಂದರೆ ಅಜ್ಜಿ ಹೇಳಿದ ಮಾತು ಕಾನೂನಿನ ಕಣ್ಣಲ್ಲಿ ಪುರಾವೆ. ಹತ್ತು ಹದಿನೈದು ಮಕ್ಕಳು ಒಂದೊಂದು ಮನೆಯ ಅಜ್ಜಿಯ ಮುಂದೆ ಕೂತು, ‘ನಿಂಗ ಮದುವೆಯಾಗಿ ಬಂದಾಗ ಊರಿನ ನೀರು ಎಲ್ಲಿತ್ತವ್ವ, ದನ ಎಲ್ಲಿ ಮೇಯ್ತಿದ್ದೊ, ಹೆಣ ಎಲ್ಲಿ ಹೂಳ್ತಿದ್ರಿ’ ಎಂದು ಕೇಳಿ ಬರೆದುಕೊಂಡರೆ ಅದು ಭಾಷೆಯ ಪಾಠವೂ ಹೌದು, ಇತಿಹಾಸವೂ ಹೌದು, ನಾಳೆ ಗ್ರಾಮಸಭೆಯ ಮುಂದಿಡಬಹುದಾದ ಕಾಗದವೂ ಹೌದು. ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದ ಮೇಲೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಿಂದ ಹಿಡಿದು ಬಂಡೀಪುರದ ಅಂಚಿನ ಹಾಡಿಗಳ ಶಾಲೆಗಳವರೆಗೆ ಇದಕ್ಕೆ ಬೇಕಾದ ಪರಿಕರ ಒಂದು ನೋಟ್‌ಬುಕ್ ಮಾತ್ರ.

ಹಾಡಿನ ಪರಂಪರೆ ಈ ಜಿಲ್ಲೆಯ ಇನ್ನೊಂದು ಆಸ್ತಿ. ಕಂಸಾಳೆ ಹಿಡಿದ ದೇವರಗುಡ್ಡರು ಮಾದೇಶ್ವರನನ್ನು ಹಾಡುತ್ತಾರೆ, ನೀಲಗಾರರು ಮಂಟೇಸ್ವಾಮಿಯನ್ನು. ಮಾದೇಶ್ವರನ ಕಾವ್ಯದ ‘ಸಂಕಮ್ಮನ ಸಾಲು’ ಕೇಳದವರು ಇಲ್ಲಿ ಕಡಿಮೆ. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ, ತಾನಿಲ್ಲದಾಗ ಕೆಡುವುದಿಲ್ಲವೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಹಿಡಿದು ನಿಲ್ಲಿಸುತ್ತಾನೆ. ಅವಳು ಕೊಡುವುದಿಲ್ಲ. ಆ ಒಂದು ‘ಇಲ್ಲ’ಕ್ಕಾಗಿ ಅವಳು ಪಡುವ ಹಿಂಸೆಯನ್ನು ಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಒಂಬತ್ತನೇ ತರಗತಿಯಲ್ಲಿ ಇದನ್ನು ಮೊಕದ್ದಮೆಯಾಗಿ ನಡೆಸಬಹುದು. ಸಂಕಮ್ಮನ ಪರ ಒಬ್ಬಳು ವಕೀಲೆ. ನೀಲೇಗೌಡನ ಪರವೂ ಒಬ್ಬ ಬೇಕು, ಯಾಕೆಂದರೆ ಆರೋಪಿಗೂ ವಕೀಲನನ್ನು ಇಟ್ಟುಕೊಳ್ಳುವ ಹಕ್ಕಿದೆ ಎಂಬುದೂ 22ನೇ ವಿಧಿಯ ಪಾಠ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರತಿ ಮೇಜಿನ ಮೇಲಿರಲಿ. ಮಾತಿನ ಹಿಂಸೆ, ಮನಸ್ಸಿಗೆ ಕೊಡುವ ಹಿಂಸೆ ಕೂಡ ಹಿಂಸೆಯೇ ಎನ್ನುತ್ತದೆ ಆ ಕಾಯ್ದೆ. ನ್ಯಾಯಾಧೀಶರ ಕುರ್ಚಿಯಲ್ಲಿ ಯಾರು ಕೂರಬೇಕು? ಮಾದಪ್ಪನನ್ನೇ ಕೂರಿಸೋಣ ಎಂದು ಮಕ್ಕಳು ಹೇಳಿಯಾರು. ಬೇಡ. ಪವಾಡದಿಂದ ಸಂಕಮ್ಮನನ್ನು ಕಾಯುವುದು ಕಾವ್ಯದ ದಾರಿ, ಆ ದಾರಿಗೆ ನಮಸ್ಕಾರ. ಪವಾಡ ನಡೆಯದ ಮನೆಗಳಿಗೆ ಏನು ದಾರಿ ಎಂಬುದು ತರಗತಿಯ ಪ್ರಶ್ನೆ. ಬಾಲ್ಯವಿವಾಹದ ಮಾತು ಈ ಜಿಲ್ಲೆಯಲ್ಲಿ ಇನ್ನೂ ಹಳತಾಗಿಲ್ಲ. 1098ಕ್ಕೆ ಕರೆ ಮಾಡುವುದನ್ನು ಕಲಿಸುವ ದಿನವೂ ಅದೇ ಆಗಲಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಜಾತಿಯ ಪಾಠಕ್ಕೆ ನಾಟಕದ ಆಟ ಎಲ್ಲ ಕಡೆಯೂ ಸಲ್ಲದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ ಅಮೆರಿಕದ ಅಯೊವಾದ ಜೇನ್ ಎಲಿಯಟ್ ಎಂಬ ಶಿಕ್ಷಕಿ, ತಮ್ಮ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು ಕೀಳೆಂದು ವಿಂಗಡಿಸಿ ತಾರತಮ್ಯದ ಕಹಿ ಉಣಿಸಿದ್ದು ಜಗತ್ಪ್ರಸಿದ್ಧ. ಅದೊಂದು ಬಿಳಿಯ ಮಕ್ಕಳ ತರಗತಿ. ಸಂಜೆ ಮನೆಗೆ ಹೋದರೆ ಆಟ ಮುಗಿಯುತ್ತಿತ್ತು. ಮನೆಗೆ ಹೋದ ಮೇಲೂ ಮುಗಿಯದ ಆಟವನ್ನು ನಮ್ಮ ಮಕ್ಕಳಲ್ಲಿ ಕೆಲವರು ದಿನವೂ ಆಡುತ್ತಿದ್ದಾರೆ. ಅವರನ್ನು ನಿಲ್ಲಿಸಿ ‘ನಿನ್ನ ಅನುಭವ ಹೇಳು’ ಎನ್ನುವುದು ಪಾಠವಲ್ಲ, ಎರಡನೇ ಗಾಯ. ಅದಕ್ಕೆ ನನಗೆ ಲೆಕ್ಕ ಹಾಕುವ ಪ್ರಾಜೆಕ್ಟುಗಳೇ ಹೆಚ್ಚು ಇಷ್ಟ. ಊರಿನಲ್ಲಿ ತೊಂಬೆ ಎಷ್ಟು, ಯಾವ ಬೀದಿಗೆ ಎಷ್ಟು ನಲ್ಲಿ, ದಿನಕ್ಕೆ ಎಷ್ಟು ಹೊತ್ತು ನೀರು, ಕೊನೆಯ ಸಲ ತೊಟ್ಟಿ ತೊಳೆದದ್ದು ಯಾವಾಗ? ಯಾರ ಜಾತಿಯನ್ನೂ ಕೇಳಬೇಕಾಗಿಲ್ಲ. ನಕ್ಷೆ ಪೂರ್ತಿಯಾದಾಗ ಅದೇ ಮಾತಾಡುತ್ತದೆ.

ಲೆಕ್ಕ ಎಂದಾಗ ನಮ್ಮೂರಿನ ‘ಶಾಪ’ದ ಲೆಕ್ಕವನ್ನೂ ಹಾಕಿಬಿಡಬಹುದು. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ಎಷ್ಟು ಗಟ್ಟಿಯಾಗಿತ್ತೆಂದರೆ, 1997ರಲ್ಲಿ ಹೊಸ ಜಿಲ್ಲೆಯನ್ನು ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ಪಟ್ಟಣಕ್ಕೆ ಕಾಲಿಡದೆ, ಮಲೆ ಮಹದೇಶ್ವರ ಬೆಟ್ಟದಿಂದ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಮೂಲಭೂತ ಕರ್ತವ್ಯವೆಂದು 51ಎ ವಿಧಿ ಹೇಳುತ್ತದೆ. ಅದನ್ನು ಬಾಯಿಪಾಠ ಮಾಡಿಸುವ ಬದಲು ಮಕ್ಕಳಿಂದ ಎರಡು ಪಟ್ಟಿ ಮಾಡಿಸಿ. ಬಂದು ಹೋದ ಮುಖ್ಯಮಂತ್ರಿಗಳದೊಂದು, ಬಾರದೆ ಉಳಿದವರದೊಂದು. ಎರಡರಲ್ಲೂ ಅವಧಿ ಮುಗಿಸದವರೇ ತುಂಬಿರುತ್ತಾರೆ. ಈ ರಾಜ್ಯದಲ್ಲಿ ಐದು ವರ್ಷ ಪೂರೈಸಿದವರೇ ಬೆರಳೆಣಿಕೆ: ನಿಜಲಿಂಗಪ್ಪ, ದೇವರಾಜ ಅರಸು, ಸಿದ್ದರಾಮಯ್ಯ. ಸಿದ್ದರಾಮಯ್ಯ 2013ರಿಂದ 2018ರ ನಡುವೆ ಹಲವು ಸಲ ಇಲ್ಲಿಗೆ ಬಂದೂ ಅವಧಿ ಮುಗಿಸಿದರು. ಶಾಪ ಇರುವುದು ಊರಿನಲ್ಲೋ ಕುರ್ಚಿಯಲ್ಲೋ ಎಂಬುದನ್ನು ಎಂಟನೇ ತರಗತಿಯ ಮಗು ತಾನೇ ತೀರ್ಮಾನಿಸಲಿ.

ಚುನಾವಣೆಯ ಪಾಠಕ್ಕೆ ನಾವು ದೂರ ಹೋಗಬೇಕಾಗಿಯೇ ಇಲ್ಲ. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಈಗ ಇಲ್ಲ, ಆದರೆ ಕಥೆ ಉಳಿದಿದೆ. ಸೋತವರ ಕಾರಿನ ಚಾಲಕನಿಗೆ ಅಂದು ಮತ ಹಾಕಲು ಹೋಗಲಾಗಲಿಲ್ಲವಂತೆ ಎಂಬ ಬಾಲ ಅದಕ್ಕೆ ಸೇರಿಕೊಂಡಿದೆ. ‘ಆದ್ದರಿಂದ ಮಕ್ಕಳೇ, ಒಂದೊಂದು ಮತವೂ ಅಮೂಲ್ಯ’ ಎಂದು ಮೇಷ್ಟರು ಕಥೆ ಮುಗಿಸುತ್ತಾರೆ. ನಾನಾದರೆ ಅಲ್ಲಿಂದ ಶುರು ಮಾಡುತ್ತೇನೆ. ದುಡಿಯುವವನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮು ಹೇಳುತ್ತದೆ. ಊರಿನ ಇಟ್ಟಿಗೆ ಗೂಡಿನವರಿಗೆ, ಕ್ವಾರಿಯವರಿಗೆ, ಅರಿಸಿನ ಬೇಯಿಸುವವರಿಗೆ, ಹೋಟೆಲಿನ ಹುಡುಗರಿಗೆ ಆ ದಿನ ರಜೆ ಸಿಕ್ಕಿತೇ? ಕೇಳಿಕೊಂಡು ಬರಲಿ ಮಕ್ಕಳು.

ಮತ ಹಾಕದಿರುವುದೂ ಒಂದು ಮಾತೇ ಎಂಬುದಕ್ಕೆ ಹನೂರು ತಾಲ್ಲೂಕಿನ ಇಂಡಿಗನತ್ತ ಇದೆ. 2024ರ ಏಪ್ರಿಲ್ 26ರಂದು ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕರಿಸಿದ ಊರಿನಲ್ಲಿ ಮತಗಟ್ಟೆಯೇ ಧ್ವಂಸವಾಯಿತು. ಮೂರು ದಿನ ಬಿಟ್ಟು ಮರುಮತದಾನ ನಡೆಯಿತು. ಅದೇ ಮತಗಟ್ಟೆಗೆ ಸೇರಿದ ಮೆಂದಾರೆಯ ಸೋಲಿಗರಿಗೆ ಮತ ಹಾಕುವ ಮನಸ್ಸಿತ್ತು. ರಸ್ತೆಯಿಲ್ಲದವನ ಸಿಟ್ಟು ಒಂದು ಕಡೆ, ಇನ್ನೊಬ್ಬನ ಮತದ ಹಕ್ಕು ಮತ್ತೊಂದು ಕಡೆ. ಇದಕ್ಕೆ ಪುಸ್ತಕದ ಕೊನೆಯಲ್ಲಿ ಉತ್ತರ ಸಿಗುವುದಿಲ್ಲ, ಆದ್ದರಿಂದಲೇ ಇದು ಒಳ್ಳೆಯ ಪ್ರಶ್ನೆ.

ಇಲ್ಲೊಂದು ತಮಾಷೆ. ನಮ್ಮ ಸರ್ಕಾರಿ ಶಿಕ್ಷಕರಷ್ಟು ಚುನಾವಣೆಯನ್ನು ಬಲ್ಲವರು ದೇಶದಲ್ಲಿ ಇನ್ನೊಬ್ಬರಿಲ್ಲ. ಮಸ್ಟರಿಂಗ್‌ಗೆ ಹೋಗಿ ಸಾಮಾನು ಎಣಿಸಿಕೊಂಡವರು, ರಾತ್ರಿ ಮತಗಟ್ಟೆಯ ನೆಲದ ಮೇಲೆ ಮಲಗಿ ಬೆಳಗಿನ ಐದೂವರೆಗೆ ಅಣಕು ಮತದಾನ ಮಾಡಿಸಿದವರು, ತನ್ನ ಮತ ಆಗಲೇ ಯಾರೋ ಹಾಕಿದ್ದಾರೆಂದು ಕೂಗಾಡುವ ಮತದಾರನಿಗೆ ಟೆಂಡರ್ಡ್ ವೋಟಿನ ದಾರಿ ತೋರಿಸಿದವರು, 17ಸಿ ನಮೂನೆಯ ಲೆಕ್ಕ ತಾಳೆಯಾಗದೆ ಬೆವೆತವರು. ಅದೇ ಮೇಷ್ಟರು, ಅದೇ ಟೀಚರು ಸೋಮವಾರ ತರಗತಿಗೆ ಬಂದು ‘ಚುನಾವಣಾ ಆಯೋಗದ ರಚನೆ’ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ! ಶಾಲಾ ಸಂಸತ್ತಿಗೆ ಮೊಬೈಲನ್ನೇ ಮತಯಂತ್ರ ಮಾಡಿ ಚುನಾವಣೆ ನಡೆಸುವುದು ಈಗ ಸಾಮಾನ್ಯ. ಅದರ ಜೊತೆ ತಮ್ಮ ಅನುಭವವನ್ನೂ ಸೇರಿಸಿದರೆ ಸಾಕು. ಬೆರಳಿಗೆ ಹಚ್ಚುವ ಶಾಯಿಯಿಂದಲೇ ಆರಂಭಿಸಬಹುದು: 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಇಡೀ ದೇಶಕ್ಕೆ ಆ ಶಾಯಿ ಕೊಡುತ್ತಿದೆ. ಇನ್ನೊಂದು ಮಾತು. ನಮ್ಮ ಶಾಲಾ ಸಂಸತ್ತುಗಳಲ್ಲಿ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಎಲ್ಲ ಇರುತ್ತಾರೆ; ವಿರೋಧ ಪಕ್ಷದ ನಾಯಕ ಇರುವುದು ಅಪರೂಪ. ಪ್ರಶ್ನೋತ್ತರ ಅವಧಿಯಿಲ್ಲದ ಸಂಸತ್ತು ಎಂದರೆ ಕೆಲಸ ಹಂಚುವ ಪಟ್ಟಿ ಅಷ್ಟೇ.

ಗುಂಡ್ಲುಪೇಟೆಯವರಿಗೆ ಸಭಾಧ್ಯಕ್ಷರ ಪೀಠದ ಕಥೆ ಮನೆಯ ಕಥೆ. ಇಲ್ಲಿಂದ ಏಳು ಬಾರಿ ಗೆದ್ದ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಆ ಪೀಠವೇರಿದ ರಾಜ್ಯದ ಮೊದಲ ಹೆಣ್ಣುಮಗಳು. ಅವರಿಗೆ ಮತ ಹಾಕಿದ ಅಜ್ಜ ಅಜ್ಜಿಯರು ತಾಲ್ಲೂಕಿನಲ್ಲಿ ಇನ್ನೂ ಇದ್ದಾರೆ. ಅವರನ್ನು ಮಾತಾಡಿಸಿ ಬರೆದಿಡುವ ಕೆಲಸಕ್ಕೆ ತಡ ಮಾಡಿದಷ್ಟೂ ಸಾಕ್ಷಿಗಳು ಕಡಿಮೆಯಾಗುತ್ತಾರೆ.

ಅದೇ ಗುಂಡ್ಲುಪೇಟೆಗೆ ಒಂದು ಅಣಕು ನ್ಯಾಯಾಲಯ ಹೇಳಿ ಮಾಡಿಸಿದಂತಿದೆ. ಬಂಡೀಪುರ ಕಾಡಿನ ನಡುವೆ ಕೇರಳಕ್ಕೆ ಹೋಗುವ ಹೆದ್ದಾರಿ, ಆಗಿನ 212, ಈಗಿನ 766. ಕಾಡುಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿವೆಯೆಂದು 2009ರಲ್ಲಿ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟ್‌ಗೆ ಹೋಯಿತು. ಈ ಮಕ್ಕಳ ಅಪ್ಪಂದಿರು ಬೆಳೆದ ತರಕಾರಿ, ಚೆಂಡು ಹೂವು ಹೋಗುವುದು ಆ ದಾರಿಯಲ್ಲೇ. ಒಂದು ತಂಡ ದೇಶದಲ್ಲಿ ಎಲ್ಲಿಗಾದರೂ ಹೋಗುವ 19ನೇ ವಿಧಿಯ ಹಕ್ಕನ್ನು ಹಿಡಿಯಲಿ. ಇನ್ನೊಂದು ತಂಡ ಕಾಡು ಕಾಯುವ ಸರ್ಕಾರದ ಹೊಣೆ ಹೇಳುವ 48ಎ, ನಾಗರಿಕನ ಹೊಣೆ ಹೇಳುವ 51ಎ ಹಿಡಿಯಲಿ. ಲಾರಿ ಡ್ರೈವರ್, ವಯನಾಡಿನ ರೋಗಿ, ತರಕಾರಿ ಬೆಳೆಗಾರ ಸಾಕ್ಷಿ ನುಡಿಯಲಿ. ಆನೆಯ ಪರ ಯಾರು ನುಡಿಯುತ್ತಾರೆ? ಇದು ಮಕ್ಕಳು ಬಹಳ ಹೊತ್ತು ಜಗಳವಾಡಬಹುದಾದ ಪ್ರಶ್ನೆ, ಆಡಲಿ. ಹಕ್ಕಿಗೂ ಹಕ್ಕಿಗೂ ಡಿಕ್ಕಿಯಾದಾಗ ಏನಾಗುತ್ತದೆ ಎಂಬುದನ್ನು ಬಾಯಿಪಾಠ ಹೇಳಿಕೊಡದು.

ಇಷ್ಟೆಲ್ಲ ಮಾಡಿದರೂ ಕೆಲಸ ಗೋಡೆಯ ಮೇಲಿನ ಚಾರ್ಟಿನಲ್ಲೇ ನಿಂತರೆ ನಾವು ಥರ್ಮಾಕೋಲಿನಿಂದ ಬಹಳ ದೂರ ಬಂದಂತಾಗಲಿಲ್ಲ. ಪ್ರಶ್ನೆ ಶಾಲೆಯ ಗೇಟು ದಾಟಿ, ಉತ್ತರ ಕೊಡಬೇಕಾದವರ ಮೇಜಿಗೆ ಹೋಗಬೇಕು. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 1990ರ ದಶಕದಲ್ಲೇ ಕುಂದಾಪುರದ ಕಡೆ ದುಡಿಯುವ ಮಕ್ಕಳ ಭೀಮ ಸಂಘ, ಮಕ್ಕಳ ಪಂಚಾಯಿತಿಗಳು ಕೆಲಸ ಮಾಡಿ ತೋರಿಸಿದ್ದವು. ಈಗ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಧ್ಯಕ್ಷರು, ಪಿಡಿಒ ಎದುರಿಗೆ ಕೂತಿರುತ್ತಾರೆ. ಶೌಚಾಲಯಕ್ಕೆ ಬಾಗಿಲಿಲ್ಲ, ಕಾಂಪೌಂಡಿಲ್ಲ, ಬಸ್ಸು ನಿಲ್ಲಿಸುವುದಿಲ್ಲ ಎಂದು ಮಕ್ಕಳು ಎದ್ದು ಹೇಳುತ್ತಾರೆ. ‘ಪರಿಶೀಲಿಸಲಾಗುವುದು’ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ.

ಬಿಸ್ಕತ್ತಿಗೆ ನನ್ನ ವಿರೋಧವಿಲ್ಲ. ತೊಂಬೆಗಳ ನಕ್ಷೆ ಮಾಡಿದ ಏಳನೇ ತರಗತಿಯ ಹುಡುಗಿ ಆ ಸಭೆಯಲ್ಲಿ ಎದ್ದು, ‘ಮೇಲಿನ ಬೀದಿ ತೊಂಬೆಗೆ ನಾಕು ನಲ್ಲಿ ಅವ, ನಮ್ಮ ಬೀದಿ ತೊಂಬೆಗೆ ಎರಡೇ ಯಾಕ ಸಾ?’ ಎಂದು ಕೇಳಬೇಕು, ಅಷ್ಟೇ. ಮುಂದಿನ ವರ್ಷದ ಸಭೆ ಈ ವರ್ಷದ ನಡಾವಳಿ ಓದುವುದರಿಂದ ಶುರುವಾಗಬೇಕು; ಆಗ ಅವಳು ಎಂಟನೇ ತರಗತಿ. ಉತ್ತರ ಸಿಗದಿದ್ದರೆ ಒಂಬತ್ತನೇ ತರಗತಿಗೆ ಕನ್ನಡ ಟೀಚರು ಮಾಹಿತಿ ಹಕ್ಕಿನ ಒಂದು ಅರ್ಜಿ ಬರೆಸಲಿ. ಮಾಹಿತಿ ಹಕ್ಕು ಇರುವುದು ಎಲ್ಲ ನಾಗರಿಕರಿಗೆ, ವಯಸ್ಸಿನ ಮಿತಿಯಿಲ್ಲ. 2012ರಲ್ಲಿ ಲಖನೌದ ಹತ್ತು ವರ್ಷದ ಹುಡುಗಿಯೊಬ್ಬಳು ಗಾಂಧೀಜಿಗೆ ರಾಷ್ಟ್ರಪಿತ ಎಂಬ ಬಿರುದನ್ನು ಯಾವ ಆದೇಶದಲ್ಲಿ ಕೊಡಲಾಯಿತೆಂದು ಅರ್ಜಿ ಹಾಕಿ ದಿಲ್ಲಿಯ ಕಚೇರಿಗಳನ್ನು ತಡಕಾಡಿಸಿದ್ದಳು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ, ಶುಲ್ಕ 10 ರೂಪಾಯಿ. ತೊಂಬೆಯ ವಿಷಯಕ್ಕೆ 150 ಪದ ಧಾರಾಳವಾಯಿತು.